ಟ್ರಿಗರ್ ಗಟ್ಟಿಯಾಗಿದೆ ಎಂದು ಸ್ಪ್ರಿಂಗ್ ಕತ್ತರಿಸಬೇಡಿ

ಪ್ರಶ್ನೆ: ನಮ್ಮದು ಕೊಡಗು. ಅಪ್ಪನ ಕಾಲದ ಒಂದು ಪಾಯಿಂಟ್ ಟೂಟೂ (.22) ಬೋಲ್ಟ್ ರೈಫಲ್, ಒಂದು ಜೋಡಿ ನಳಿಗೆಯ 12 ಬೋರ್ ಕೋವಿ ಮನೆಯಲ್ಲಿವೆ. ಕೋವಿಗೆ ಪೂಜೆ ಮಾಡುವ ನಮ್ಮ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ರೈಫಲ್ ಹೊರತೆಗೆದರೆ ಟ್ರಿಗರ್ ತುಂಬಾ ಗಟ್ಟಿ. ಬೇಸಿಗೆಯಲ್ಲಿ ಇಷ್ಟು ಗಟ್ಟಿ ಇರಲಿಲ್ಲ. ಮರದ ಕಟ್ಟು ಬಿಚ್ಚಿದರೆ ಟ್ರಿಗರ್ ಮುಂದೆ ಒಂದು ಸ್ಕ್ರೂ, ಅದಕ್ಕೊಂದು ಲಾಕ್ ನಟ್ ಕಾಣಿಸುತ್ತದೆ. ಸ್ಪ್ರಿಂಗನ್ನು ಎರಡು ಸುತ್ತು ಕತ್ತರಿಸಿದರೆ ಹಗುರಾಗುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಮಾಡಬಹುದೇ? ಜೋಡಿ ನಳಿಗೆಯ ಟ್ರಿಗರನ್ನೂ ಹಗುರ ಮಾಡಬಹುದೇ? ಮಗ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದಾನೆ, ಅದಕ್ಕೂ ಇದೇ ಲೆಕ್ಕವೇ?

ಉತ್ತರ: ಸ್ಪ್ರಿಂಗ್ ಕತ್ತರಿಸಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಬೇಸಿಗೆಯಲ್ಲಿ ಸರಿಯಿದ್ದ ಟ್ರಿಗರ್ ಮಳೆಗಾಲ ಕಳೆಯುವಷ್ಟರಲ್ಲಿ ಗಟ್ಟಿಯಾಗಿದೆ. ಸ್ಪ್ರಿಂಗ್ ತಾನಾಗಿ ಬಿಗಿಯಾಗುವ ವಸ್ತುವಲ್ಲ. ವರ್ಷ ಕಳೆದಂತೆ ಅದು ಸೋಲುತ್ತದೆಯೇ ಹೊರತು ಬಲಿಯುವುದಿಲ್ಲ. ಹಾಗಾಗಿ ಮೂರು ತಿಂಗಳಲ್ಲಿ ಟ್ರಿಗರ್ ಗಟ್ಟಿಯಾಗಿದ್ದರೆ ಸ್ಪ್ರಿಂಗ್ ನಿರಪರಾಧಿ. ಹುಡುಕಬೇಕಾದದ್ದು ಮೂರನ್ನು: ಗಟ್ಟಿಯಾದ ಎಣ್ಣೆ, ತುಕ್ಕು, ಉಬ್ಬಿದ ಮರ. ನಾಟಿ ಶುರುವಾದ ಮೇಲೆ ಕೋವಿ ಒಳಗಿಟ್ಟು ಕೈಲ್ ಪೊಳ್ದ್‌ಗೆ ಹೊರತೆಗೆಯುವ ಮನೆಗಳಲ್ಲಿ, ಕಕ್ಕಡ ತಿಂಗಳ ಮಳೆಯ ತೇವವನ್ನೆಲ್ಲ ಕುಡಿದು ಕೂತ ಕೋವಿಯಲ್ಲಿ, ಈ ಮೂರೂ ಒಟ್ಟಿಗೇ ಸಿಗುವುದೂ ಉಂಟು.

ಎಣ್ಣೆಯ ವಿಷಯ ಮೊದಲು. ಕೋವಿಗೆ ತೆಂಗಿನೆಣ್ಣೆ ಹಚ್ಚುವ ರೂಢಿ ಕೆಲವು ಮನೆಗಳಲ್ಲಿದೆ. ನಳಿಗೆಯ ಹೊರಮೈಗೆ ಅದರಿಂದ ದೊಡ್ಡ ಕೇಡೇನಿಲ್ಲ. ಟ್ರಿಗರ್ ಒಳಗೆ ಇಳಿದರೆ ಮಾತು ಬೇರೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಮಳೆಗಾಲದ ಚಳಿಗೆ ಅದು ಬಾಟಲಿಯಲ್ಲಿ ಗಟ್ಟಿಯಾಗುವ ಹಾಗೆ ಪಿನ್ನುಗಳ ಸಂದಿನಲ್ಲೂ ಗಟ್ಟಿಯಾಗುತ್ತದೆ, ಹಳತಾದರೆ ಅಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಹೆಚ್ಚಾಗಿ ಸುರಿದರೂ ಧೂಳು ಹಿಡಿದು ಕೊನೆಗೆ ಅದೇ ಗತಿ. ಡಬ್ಲ್ಯುಡಿ-40 ಸಿಂಪಡಿಸಿ ಹಾಗೇ ಬಿಟ್ಟರೆ ಕಾಲಾಂತರದಲ್ಲಿ ತೆಳು ವಾರ್ನಿಷ್‌ನಂಥ ಪದರ ಕೂರುತ್ತದೆ. ಆ ಡಬ್ಬಿ ತೇವ ಓಡಿಸುವುದಕ್ಕೆ ಒಳ್ಳೆಯದು, ಟ್ರಿಗರ್‌ಗೆ ಹಾಕುವ ಎಣ್ಣೆ ಅದಲ್ಲ.

ಗಟ್ಟಿ ಟ್ರಿಗರ್‌ಗಿಂತ ಅಂಟಾದ ಟ್ರಿಗರ್ ಹೆಚ್ಚು ಅಪಾಯಕಾರಿ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಬೆರಳು ಬಿಟ್ಟ ಮೇಲೆ ಟ್ರಿಗರ್ ಪೂರ್ತಿ ಮುಂದಕ್ಕೆ ಮರಳಿ ಸಿಯರ್ ಕೆಳಗೆ ಸರಿಯಾಗಿ ಕೂತರೆ ಮಾತ್ರ ಮುಂದಿನ ಸಲ ಬೋಲ್ಟ್ ಮುಚ್ಚಿದಾಗ ಸ್ಟ್ರೈಕರ್, ಅಂದರೆ ತೋಟಾಕ್ಕೆ ಪೆಟ್ಟು ಕೊಡುವ ಭಾಗ, ನಿಲ್ಲುತ್ತದೆ. ಸಿಯರ್ ಎಂದರೆ ಸ್ಟ್ರೈಕರನ್ನೋ ಹ್ಯಾಮರನ್ನೋ ಹಿಡಿದು ನಿಲ್ಲಿಸುವ ಪುಟ್ಟ ಉಕ್ಕಿನ ಹಲ್ಲು. ಅಂಟಿನಿಂದ ಟ್ರಿಗರ್ ಅರ್ಧಕ್ಕೆ ನಿಂತರೆ ಆ ಹಲ್ಲು ತುದಿಯಲ್ಲಷ್ಟೇ ಹಿಡಿದಿರುತ್ತದೆ, ಇಲ್ಲವೇ ಹಿಡಿಯುವುದೇ ಇಲ್ಲ. ಅಂಥ ಟ್ರಿಗರ್‌ನ ಸ್ಪ್ರಿಂಗನ್ನು ಇನ್ನಷ್ಟು ಸಡಿಲಿಸಿದರೆ ಮರಳುವ ಶಕ್ತಿಯನ್ನೂ ಕಿತ್ತುಕೊಂಡಂತೆ. ನಿಮ್ಮ ಪರಿಚಯದವರ ಸಲಹೆಯಲ್ಲಿರುವ ದೋಷ ಇದೇ.

ಇನ್ನು ಕೆಲಸ. ಬೋಲ್ಟ್ ತೆಗೆಯಿರಿ, ಮ್ಯಾಗಜಿನ್ ತೆಗೆಯಿರಿ, ತೋಟಾ ಕೂರುವ ಚೇಂಬರನ್ನು ಕಣ್ಣಲ್ಲೂ ಕಿರುಬೆರಳಿನ ತುದಿಯಲ್ಲೂ ನೋಡಿ. ತೋಟಾಗಳೆಲ್ಲ ಬೇರೆ ಕೋಣೆಯಲ್ಲಿರಲಿ, ಜೇಬಿನಲ್ಲಿ ಮರೆತ ಒಂದೆರಡೂ ಸೇರಿ. ಕಟ್ಟು ಬಿಚ್ಚುವ ಮೊದಲು ಕಟ್ಟಿನ ಸ್ಕ್ರೂಗಳ ಸೀಳು ಯಾವ ದಿಕ್ಕಿಗಿದೆ ಎಂದು ಫೋಟೋ ತೆಗೆದುಕೊಳ್ಳಿ. ಮತ್ತೆ ಕೂರಿಸುವಾಗ ಅದೇ ದಿಕ್ಕಿಗೆ ಬಂದು ನಿಂತರೆ ಬಿಗಿತ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ರೈಫಲ್ಲಿನ ಗುರಿ ಆಚೀಚೆ ಆಗುವುದಿಲ್ಲ. ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಶುರು ಮಾಡಲೇಬೇಡಿ.

ಕಟ್ಟಿನಿಂದ ಹೊರಬಂದ ರೈಫಲ್ಲಿನ ಟ್ರಿಗರ್ ಜೋಡಣೆಯನ್ನು ಬಿಡಿಬಿಡಿಯಾಗಿ ಬಿಚ್ಚುವ ಅಗತ್ಯವಿಲ್ಲ, ಪಿನ್ನು ಹೊಡೆದು ತೆಗೆಯಬೇಡಿ. ಲೈಟರ್‌ಗೆ ತುಂಬಿಸುವ ದ್ರವವನ್ನೋ ಬಣ್ಣದಂಗಡಿಯ ಟರ್ಪೆಂಟೈನನ್ನೋ ಸಣ್ಣ ಬ್ರಷ್‌ನಲ್ಲಿ ಹಾಕಿ ಎರಡು ಮೂರು ಸಲ ತೊಳೆಯಿರಿ, ಕೆಳಗೆ ಬಿಳಿ ಬಟ್ಟೆ ಹಾಸಿರಿ. ಬಟ್ಟೆಯ ಮೇಲೆ ಕಂದು ಅಂಟು ಇಳಿದರೆ ಕಾರಣ ಸಿಕ್ಕಿತು ಎಂದೇ ಲೆಕ್ಕ. ಕೆಂಪು ಪುಡಿ ಇಳಿದರೆ ತುಕ್ಕು. ಬಾಗಿಲು ಕಿಟಕಿ ತೆಗೆದಿಟ್ಟು, ಒಲೆಯಿಂದ ದೂರ ಈ ಕೆಲಸ ಮಾಡಿ. ಒಂದು ಗಂಟೆ ಒಣಗಲಿ. ಆಮೇಲೆ ತೆಳು ಯಂತ್ರದ ಎಣ್ಣೆಯನ್ನು ಹೊಲಿಗೆ ಸೂಜಿಯ ತುದಿಯಲ್ಲಿ ಎತ್ತಿ ಪಿನ್ನಿನ ಎರಡು ತುದಿಗೆ ಮುಟ್ಟಿಸಿ, ಅಷ್ಟೇ ಸಾಕು. ಟ್ರಿಗರ್ ಒಣಗಿದ್ದೇ ಇರಲಿ ಎಂದು ನಿಮ್ಮ ರೈಫಲ್ಲಿನ ಕೈಪಿಡಿ ಹೇಳಿದ್ದರೆ ಆ ಹನಿಯೂ ಬೇಡ.

ಮರ ಉಜ್ಜುತ್ತಿದೆಯೇ ಎಂದು ತಿಳಿಯಲು ಕಾಡಿಗೆ ಸಾಕು. ಟ್ರಿಗರ್‌ನ ಎರಡು ಬದಿಗೂ ತೆಳ್ಳಗೆ ಹಚ್ಚಿ, ಕಟ್ಟು ಕೂರಿಸಿ, ಹತ್ತು ಸಲ ಟ್ರಿಗರ್ ಎಳೆದು ಬಿಟ್ಟು, ಮತ್ತೆ ಕಟ್ಟು ಬಿಚ್ಚಿ ನೋಡಿ. ಮರದ ಕಿಂಡಿಯ ಅಂಚಿಗೋ ಟ್ರಿಗರ್ ಗಾರ್ಡಿನ ಸೀಳಿಗೋ ಕಪ್ಪು ಹತ್ತಿದ್ದರೆ ಅಲ್ಲೇ ಉಜ್ಜಾಟ. ಕಟ್ಟಿಲ್ಲದೆ ಹಗುರ, ಕಟ್ಟು ಕೂರಿಸಿದೊಡನೆ ಗಟ್ಟಿ ಎನ್ನುವುದೂ ಅದರದೇ ಲಕ್ಷಣ. ಮರವನ್ನು ಬಿಸಿಲಿಗಾಗಲಿ ಒಲೆಯ ಮೇಲಿನ ಅಟ್ಟಕ್ಕಾಗಲಿ ಹಾಕಬೇಡಿ, ಸೀಳುತ್ತದೆ. ಒಣ ಕೋಣೆಯಲ್ಲಿ ಒಂದು ವಾರ ಬಿಡಿ. ಆಮೇಲೂ ತಾಗಿದರೆ ತಾಗಿದ ಜಾಗವನ್ನಷ್ಟೇ ನಯವಾದ ಮರಳು ಕಾಗದದಲ್ಲಿ ಉಜ್ಜಿ, ವಿಸಿಟಿಂಗ್ ಕಾರ್ಡ್ ಸಲೀಸಾಗಿ ತೂರುವಷ್ಟು ಸಂದು ಮಾಡಿ, ಬೆತ್ತಲೆ ಮರಕ್ಕೆ ವಾರ್ನಿಷ್ ಹಚ್ಚಿ. ಮರ ಉಜ್ಜುವುದು ಮನೆಯವರ ಕೆಲಸ, ಉಕ್ಕು ಉಜ್ಜುವುದು ಮನೆಯವರ ಕೆಲಸವಲ್ಲ. ಏನು ಮುಟ್ಟಬಹುದು, ಏನು ಮುಟ್ಟಬಾರದು ಎಂದು ಮುಂದೆ ಎಳೆಯುವ ಗೆರೆಗಳೆಲ್ಲ ಇದೇ ಅಳತೆಯವು.

ಎಷ್ಟು ಗಟ್ಟಿ ಎಂದು ಅಳೆಯುವುದು

ಬೆರಳಿನ ಅಂದಾಜು ನಂಬಬೇಡಿ. ಟ್ರಿಗರ್ ತೂಕ ಅಳೆಯುವ ಗೇಜು ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸೂಟ್‌ಕೇಸ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯಲ್ಲೂ ಆಗುತ್ತದೆ. ಅದೂ ಇಲ್ಲವೆಂದರೆ ಐದು ಲೀಟರಿನ ನೀರಿನ ಬಾಟಲಿ, ಒಂದು ಗಟ್ಟಿ ದಾರ. ಖಾಲಿ ರೈಫಲನ್ನು ಕಾಕ್ ಮಾಡಿ (ಟ್ರಿಗರ್ ಎಳೆದರೆ ಸ್ಟ್ರೈಕರ್ ಬೀಳುವ ಸ್ಥಿತಿಗೆ ತಂದು), ನಳಿಗೆ ನೆಟ್ಟಗೆ ಮೇಲಕ್ಕಿರುವಂತೆ ಒಬ್ಬರು ಹಿಡಿದುಕೊಂಡು, ಟ್ರಿಗರ್‌ನ ಬಾಗಿನ ನಡುವಿಗೆ ದಾರದಿಂದ ಬಾಟಲಿ ತೂಗುಬಿಡಿ. ಇನ್ನೊಬ್ಬರು ಒಂದೊಂದೇ ಲೋಟ ನೀರು ಹಾಕುತ್ತಾ ಬರಲಿ. ಟಕ್ ಎಂದಾಗ ನಿಲ್ಲಿಸಿ ಬಾಟಲಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

ದಾರ ಎಲ್ಲಿ ಕೂತಿದೆ ಎಂಬುದು ಮುಖ್ಯ. ಟ್ರಿಗರ್ ಒಂದು ಮೀಟುಗೋಲು, ಮೇಲಿನ ಪಿನ್ನಿನ ಸುತ್ತ ತಿರುಗುತ್ತದೆ. ಪಿನ್ನಿನಿಂದ 20 ಮಿಲಿಮೀಟರ್ ಕೆಳಗೆ ಎಳೆದಾಗ 2 ಕಿಲೋ ತೋರಿಸುವ ಅದೇ ಟ್ರಿಗರ್, 25 ಮಿಲಿಮೀಟರ್ ಕೆಳಗೆ ತುದಿಯಲ್ಲಿ ಎಳೆದರೆ 1.6 ಕಿಲೋ ತೋರಿಸುತ್ತದೆ. ಹಾಗಾಗಿ ದಾರ ಜಾರದಂತೆ ನಡುವಿನಲ್ಲಿ ಒಂದು ಚುಕ್ಕಿ ಇಟ್ಟುಕೊಳ್ಳಿ.

ಐದು ಸಲ ಅಳೆದು ಐದನ್ನೂ ಬರೆಯಿರಿ. 2.4, 2.5, 2.4, 2.5, 2.4 ಎಂದು ಬಂದರೆ ಟ್ರಿಗರ್ ಗಟ್ಟಿ ಹೌದು, ಆದರೆ ಆರೋಗ್ಯವಾಗಿದೆ. 2.1, 3.0, 2.3, 2.8, 1.9 ಎಂದು ಬಂದರೆ ಅದು ತೂಕದ ತೊಂದರೆಯೇ ಅಲ್ಲ. ಒಳಗೆ ಎಲ್ಲೋ ಉಜ್ಜುತ್ತಿದೆ, ಕೊಳೆಯಿದೆ, ಇಲ್ಲವೇ ಸಿಯರಿನ ಅಂಚು ಸವೆದಿದೆ. ತೊಳೆದ ಮೇಲೂ ಅಂಕಿ ಹೀಗೇ ಕುಣಿದರೆ ಸ್ಕ್ರೂ ಮುಟ್ಟದೆ ಕೋವಿ ದುರಸ್ತಿ ಮಾಡುವ ಗನ್‌ಸ್ಮಿತ್ ಬಳಿ ಹೋಗಿ.

ಖಾಲಿ ಎಳೆಯುವ ಬಗ್ಗೆ ಒಂದು ಮಾತು. ಪಾಯಿಂಟ್ ಟೂಟೂ ತೋಟಾ ಅಂಚಿಗೆ ಪೆಟ್ಟು ಬಿದ್ದು ಹೊತ್ತುವಂಥದ್ದು. ಖಾಲಿ ಚೇಂಬರಿನಲ್ಲಿ ಪದೇ ಪದೇ ಟ್ರಿಗರ್ ಎಳೆದರೆ ಕೆಲವು ರೈಫಲ್‌ಗಳಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೇ ಬಡಿದು ಅಲ್ಲಿ ತಗ್ಗು ಬೀಳಿಸುತ್ತದೆ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಇಲ್ಲವೇ ಹಾರಿಸಿ ಮುಗಿದ ಖಾಲಿ ಕೇಸ್ ಹಾಕಿ, ಪ್ರತಿ ಸಲ ಒಂದಿಷ್ಟು ತಿರುಗಿಸಿ ಇಡಿ. ಆ ಖಾಲಿ ಕೇಸಿನ ಮೇಲೆ ಕೆಂಪು ಬಣ್ಣ ಬಳಿದಿಟ್ಟರೆ ನಿಜವಾದ ತೋಟಾ ಎಂದು ಗೊಂದಲವಾಗದು.

ಯಾವ ಸ್ಕ್ರೂ ನಿಮ್ಮದು, ಯಾವುದು ಅಲ್ಲ

ಸರಿಹೊಂದಿಸಬಹುದಾದ ರೈಫಲ್ ಟ್ರಿಗರ್‌ಗಳಲ್ಲಿ ಸಾಮಾನ್ಯವಾಗಿ ಮೂರರವರೆಗೆ ಸ್ಕ್ರೂ ಇರುತ್ತವೆ. ಒಂದು ಸ್ಪ್ರಿಂಗಿನ ಬಿಗಿತಕ್ಕೆ, ಅಂದರೆ ತೂಕಕ್ಕೆ. ಒಂದು ಸಿಯರ್ ಹಿಡಿತಕ್ಕೆ, ಅಂದರೆ ಟ್ರಿಗರ್‌ಗೂ ಸಿಯರಿಗೂ ಎಷ್ಟು ಉಕ್ಕು ಒಂದರ ಮೇಲೊಂದು ಕೂತಿದೆ ಎಂಬುದಕ್ಕೆ. ಮೂರನೆಯದು ಗುಂಡು ಹಾರಿದ ಮೇಲೆ ಟ್ರಿಗರ್ ಎಷ್ಟು ಹಿಂದೆ ಹೋಗಿ ನಿಲ್ಲಬೇಕೆಂಬುದಕ್ಕೆ. ಶೂಟರುಗಳು ಓವರ್‌ಟ್ರಾವೆಲ್ ಅನ್ನುವುದು ಇದನ್ನೇ. ಹಳೆಯ ಪಾಯಿಂಟ್ ಟೂಟೂಗಳಲ್ಲಿ ಅನೇಕಕ್ಕೆ ಮೊದಲನೆಯದೊಂದೇ ಇರುತ್ತದೆ. ನೀವು ವಿವರಿಸಿದ, ಲಾಕ್ ನಟ್ ಹಾಕಿರುವ ಸ್ಕ್ರೂ ಅದೇ ಇರಬೇಕು. ಆದರೂ ಮಾದರಿಯ ಹೆಸರು ಹಿಡಿದು ಕೈಪಿಡಿ ನೋಡಿ ಖಚಿತ ಮಾಡಿಕೊಳ್ಳುವವರೆಗೆ ತಿರುಗಿಸಬೇಡಿ.

ತೂಕದ ಸ್ಕ್ರೂ ಎಂದು ಖಾತ್ರಿಯಾದರೆ ಕೆಲಸ ಸರಳ. ಸ್ಕ್ರೂ ಈಗಿರುವ ಜಾಗಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆಯಿರಿ. ಲಾಕ್ ನಟ್ ಸಡಿಲಿಸಿ, ಸ್ಪ್ರಿಂಗ್ ಸಡಿಲಾಗುವ ಕಡೆಗೆ ಕಾಲು ಸುತ್ತು ತಿರುಗಿಸಿ, ಮತ್ತೆ ಬಿಗಿದು ಐದು ಸಲ ಅಳೆಯಿರಿ. ಮತ್ತೆ ಕಾಲು ಸುತ್ತು. ಅಂಕಿ ಇಳಿಯುತ್ತಾ ಬಂದು ಒಂದು ಹಂತದಲ್ಲಿ ತಿರುಗಿಸಿದರೂ ಇಳಿಯದೆ ನಿಂತರೆ ಅಲ್ಲಿಗೆ ಸ್ಪ್ರಿಂಗಿನ ಪಾಲು ಮುಗಿಯಿತು. ಉಳಿದದ್ದು ಸಿಯರಿನ ಘರ್ಷಣೆ, ಸ್ಕ್ರೂ ಎಷ್ಟು ಬಿಚ್ಚಿದರೂ ಅದು ಹೋಗದು. ಅಲ್ಲಿಂದ ಬಿಗಿಯುವ ಕಡೆಗೆ ಒಂದು ಸುತ್ತು ಹಿಂದಕ್ಕೆ ಬನ್ನಿ. ಟ್ರಿಗರ್ ಪೂರ್ತಿ ಮುಂದಿರುವಾಗಲೂ ಸ್ಪ್ರಿಂಗ್ ಅದನ್ನು ಒತ್ತುತ್ತಿರಬೇಕು. ಬೆರಳಲ್ಲಿ ಅಲುಗಾಡಿಸಿದರೆ ಲೊಡಲೊಡ ಅನ್ನುವ ಟ್ರಿಗರ್ ಬೇಡವೇ ಬೇಡ.

ಎಷ್ಟಕ್ಕೆ ನಿಲ್ಲಿಸಬೇಕು? ನಿಂತು ತೆಂಗಿನಕಾಯಿಗೆ ಹೊಡೆಯುವ ರೈಫಲ್ಲಿಗೆ 1.4ರಿಂದ 1.6 ಕಿಲೋ ಧಾರಾಳವಾಯಿತು. ಸ್ಪರ್ಧೆಯ ದಿನ ಒಂದೇ ರೈಫಲ್ ಹತ್ತು ಕೈ ದಾಟುತ್ತದೆ, ಸುತ್ತ ಜನ ಇರುತ್ತಾರೆ, ಮೊದಲ ಸಲ ಹಿಡಿದವರೂ ಇರುತ್ತಾರೆ. ಬೆಂಚಿನ ಮೇಲಿಟ್ಟು ಕಾಗದಕ್ಕೆ ಹೊಡೆಯುವವರ ಅರ್ಧ ಕಿಲೋ ಟ್ರಿಗರ್‌ಗೆ ಅಲ್ಲಿ ಜಾಗವಿಲ್ಲ. ನಿಜ ಹೇಳಬೇಕೆಂದರೆ ನಿಂತು ಹೊಡೆಯುವಾಗ ಗುರಿ ತಪ್ಪಿಸುವುದು ತೂಕಕ್ಕಿಂತ ಹೆಚ್ಚಾಗಿ ಕ್ರೀಪ್. ಎಳೆಯುತ್ತಾ ಹೋದಂತೆ ಮರಳಿನ ಮೇಲೆ ಕಲ್ಲು ಎಳೆದ ಹಾಗೆ ತಡೆತಡೆದು ಬಿಡುವ ಟ್ರಿಗರ್ 1 ಕಿಲೋ ಇದ್ದರೂ ಕಿರಿಕಿರಿ. ಕಡ್ಡಿ ಮುರಿದ ಹಾಗೆ ಒಮ್ಮೆಲೇ ಬಿಡುವ ಟ್ರಿಗರ್ 2 ಕಿಲೋ ಇದ್ದರೂ ಬೆರಳಿಗೆ ಹಗುರವೆನಿಸುತ್ತದೆ.

ಕ್ರೀಪ್ ಹೋಗಿಸಲು ಸಿಯರ್ ಹಿಡಿತದ ಸ್ಕ್ರೂ ತಿರುಗಿಸುವ ಆಸೆ ಹುಟ್ಟುವುದು ಇಲ್ಲೇ. ಲೆಕ್ಕ ನೋಡಿ. ಹಲವು ರೈಫಲ್‌ಗಳಲ್ಲಿ ಆ ಹಿಡಿತ ಅರ್ಧ ಮಿಲಿಮೀಟರ್ ಆಸುಪಾಸು. ಎಂ3 (3 ಮಿಲಿಮೀಟರ್ ದಪ್ಪದ) ಸ್ಕ್ರೂ ಒಂದು ಪೂರ್ತಿ ಸುತ್ತಿಗೆ ಅರ್ಧ ಮಿಲಿಮೀಟರ್ ಮುಂದೆ ಸಾಗುತ್ತದೆ. ಅಂದರೆ ಕಾಲು ಸುತ್ತಿಗೆ 0.125 ಮಿಲಿಮೀಟರ್, ಇದ್ದ ಹಿಡಿತದ ಕಾಲು ಭಾಗ. ಮೂರು ಸಲ ‘ಸ್ವಲ್ಪವೇ ಸ್ವಲ್ಪ’ ತಿರುಗಿಸಿದರೆ ಉಗುರಿನ ತುದಿಯಲ್ಲಿ ನೇತಾಡುವ ಸ್ಟ್ರೈಕರ್ ನಿಮ್ಮ ಕೈಯಲ್ಲಿರುತ್ತದೆ. ಕಾರ್ಖಾನೆಯವರು ಆ ಸ್ಕ್ರೂ ತಲೆಗೆ ಅರಗಿನಂಥ ಬಣ್ಣದ ಮುದ್ರೆ ಹಾಕಿರುವುದು ಸುಮ್ಮನೆ ಅಲ್ಲ. ಮುದ್ರೆ ಇದ್ದರೆ ಮುಟ್ಟಬೇಡಿ. ಮುದ್ರೆ ಒಡೆದಿದ್ದರೆ ನಿಮಗಿಂತ ಮೊದಲು ಯಾರೋ ಮುಟ್ಟಿದ್ದಾರೆ ಎಂದರ್ಥ, ಅದನ್ನು ಗನ್‌ಸ್ಮಿತ್ ನೋಡಲೇಬೇಕು.

ಓವರ್‌ಟ್ರಾವೆಲ್ ಸ್ಕ್ರೂ ಇದ್ದು ಕೈಪಿಡಿ ಅನುಮತಿಸಿದ್ದರೆ ಹೀಗೆ: ಟ್ರಿಗರ್ ಎಳೆದರೂ ಸ್ಟ್ರೈಕರ್ ಬೀಳದಷ್ಟು ಒಳಗೆ ತಿರುಗಿಸಿ, ಬೀಳುವ ಬಿಂದುವಿನವರೆಗೆ ಹಿಂದಕ್ಕೆ ಬನ್ನಿ, ಅಲ್ಲಿಂದ ಇನ್ನೂ ಅರ್ಧ ಸುತ್ತು ಹಿಂದೆ ಬಂದು ನಿಲ್ಲಿಸಿ. ಈ ಅರ್ಧ ಸುತ್ತು ಉಳಿಸಲು ಹೋಗಬೇಡಿ. ಜಾಗ ಸಾಲದಿದ್ದರೆ ಬೀಳುವ ಸಿಯರ್ ಟ್ರಿಗರಿಗೆ ಒರೆಸಿಕೊಂಡು ಹೋಗುತ್ತದೆ, ಪೆಟ್ಟು ಸೋತು ತೋಟಾ ಹೊತ್ತುವುದಿಲ್ಲ. ಇನ್ನೂ ಕೆಟ್ಟದ್ದು, ಸಿಯರ್ ಅರ್ಧ ದಾರಿಯಲ್ಲಿ ಸಿಕ್ಕಿ ನಿಂತು ಆಮೇಲೆ ಬೋಲ್ಟ್ ಅಲುಗಿಸಿದಾಗ ಬೀಳುವುದು. ಚಳಿಯ ಬೆಳಗ್ಗೆ, ಒಂದಿಷ್ಟು ಧೂಳು ಸೇರಿದಾಗ ಇದು ಆಗುತ್ತದೆ, ನಡುಮನೆಯ ಬೆಂಚಿನ ಮೇಲೆ ಆಗುವುದಿಲ್ಲ.

ಕೊನೆಗೆ ಸ್ಕ್ರೂ ಕದಲದಂತೆ ಭದ್ರ ಮಾಡುವುದು. ಲಾಕ್ ನಟ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಉಗುರು ಬಣ್ಣವನ್ನು ಸ್ಕ್ರೂ ತಲೆಯ ಹೊರಗಡೆ ಒಂದು ಚುಕ್ಕಿ, ಅಥವಾ ಲಾಕ್‌ಟೈಟ್ 222ರಂಥ ಕಡಿಮೆ ಬಲದ ಅಂಟನ್ನು ಕಡ್ಡಿಯ ತುದಿಯಲ್ಲಿ. ಹೆಚ್ಚಾದ ಅಂಟು ಒಳಗಿಳಿದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಕಾರ್ಖಾನೆಯೇ ಸಾಕ್ಷಿ. ಅಮೆರಿಕದ ರೆಮಿಂಗ್ಟನ್ ಕಂಪನಿ 2014ರಲ್ಲಿ ತನ್ನ ಮಾಡೆಲ್ 700 ಮತ್ತು ಮಾಡೆಲ್ ಸೆವೆನ್ ರೈಫಲ್‌ಗಳಲ್ಲಿ ಎಕ್ಸ್‌ಮಾರ್ಕ್ ಪ್ರೊ ಟ್ರಿಗರ್ ಇದ್ದವನ್ನು ವಾಪಸ್ ಕರೆಸಿಕೊಂಡಿತು. 2006ರ ಮೇ 1ರಿಂದ 2014ರ ಏಪ್ರಿಲ್ 9ರವರೆಗೆ ತಯಾರಾದವು ಅವು. ಜೋಡಿಸುವಾಗ ಬಳಸಿದ ಅಂಟು ಕೆಲವು ಟ್ರಿಗರ್‌ಗಳಲ್ಲಿ ಹೆಚ್ಚಾಗಿ ಉಳಿದು, ತಾನಾಗಿ ಗುಂಡು ಹಾರುವ ಸಾಧ್ಯತೆ ಇದೆ ಎಂಬುದು ಕಾರಣ. ಕಾರ್ಖಾನೆಯಲ್ಲೇ ಹೀಗಾಗುವುದಾದರೆ ನಾವು ಹನಿ ಎಣಿಸಿ ಹಾಕಬೇಕು. ಒಂದು ಹಗಲು ರಾತ್ರಿ ಒಣಗಿದ ಮೇಲೆ ಮತ್ತೆ ಐದು ಸಲ ಅಳೆಯಿರಿ.

ಪರೀಕ್ಷೆ ಮಾಡದೆ ತೋಟಾ ಹಾಕಬೇಡಿ

ಸ್ಕ್ರೂ ಕಾಲು ಸುತ್ತು ತಿರುಗಿಸಿದ್ದರೂ ಇದು ಬೇಕೇ ಬೇಕು, ಪೂರ್ತಿ ಜೋಡಿಸಿದ ಖಾಲಿ ರೈಫಲ್ಲಿನಲ್ಲಿ. ಬೋಲ್ಟನ್ನು ಇಪ್ಪತ್ತು ಸಲ ಜೋರಾಗಿ ಬಡಿದು ಮುಚ್ಚಿ. ಒಂದು ಸಲವೂ ಸ್ಟ್ರೈಕರ್ ಹಿಂಬಾಲಿಸಿ ಬೀಳಬಾರದು. ಇಪ್ಪತ್ತರಲ್ಲಿ ಒಂದು ಎಂದರೆ ನಪಾಸು. ಆಮೇಲೆ ಕಾಕ್ ಮಾಡಿ, ಸೇಫ್ಟಿ ತೆಗೆದು, ರೈಫಲ್ ನೆಟ್ಟಗೆ ಹಿಡಿದು, ಹಿಡಿಯ ಬುಡವನ್ನು ದಪ್ಪ ರಬ್ಬರ್ ಹಾಳೆಯ ಮೇಲೆ ಒಂದು ಅಡಿ ಎತ್ತರದಿಂದ ಬಿಡಿ. ಎರಡು ಬದಿಗೂ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿ. ಅಮೆರಿಕದ ತಯಾರಕರ ಸಂಘ ಸಾಮಿಯ ಮಾನದಂಡದಲ್ಲೂ ಅಲುಗಾಟದ ಪರೀಕ್ಷೆಗೆ ರಬ್ಬರ್ ಹಾಸು, 12 ಅಂಗುಲದ ಎತ್ತರವೇ ಇರುವುದು.

ಮುಂದಿನದು ಸೇಫ್ಟಿಯ ಪರೀಕ್ಷೆ, ಜನ ಹೆಚ್ಚಾಗಿ ಮರೆಯುವಂಥದ್ದು. ಕಾಕ್ ಮಾಡಿ ಸೇಫ್ಟಿ ಹಾಕಿ. ಟ್ರಿಗರನ್ನು ನಾಲ್ಕೈದು ಕಿಲೋ ಬಲದಲ್ಲಿ ಎಳೆದು ಬೆರಳು ಪೂರ್ತಿ ಹೊರಗೆ ತೆಗೆಯಿರಿ. ಈಗ ಸೇಫ್ಟಿ ತೆಗೆಯಿರಿ. ಟಕ್ ಎಂದರೆ, ಸೇಫ್ಟಿ ಹಾಕಿದ್ದರೂ ಎಳೆದ ಟ್ರಿಗರ್ ವಾಪಸ್ ಬಂದಿಲ್ಲ ಎಂದರ್ಥ. ತೋಟಾ ಇದ್ದಿದ್ದರೆ ಗುಂಡು ಹಾರುತ್ತಿದ್ದದ್ದು ‘ಸೇಫ್ಟಿ ತೆಗೆದಾಗ’, ಆಗ ನಳಿಗೆ ಯಾವ ಕಡೆಗಿರುತ್ತಿತ್ತೋ ಗೊತ್ತಿಲ್ಲ. ಹತ್ತು ಸಲ ಮಾಡಿ.

ಇಷ್ಟೆಲ್ಲ ದಾಟಿದರೆ ಹಿಂದೆ ಗಟ್ಟಿ ಮಣ್ಣಿನ ದಿಬ್ಬವಿರುವ ಅಭ್ಯಾಸದ ಜಾಗಕ್ಕೆ ಹೋಗಿ. ಮ್ಯಾಗಜಿನ್ ತುಂಬಿಸದೆ ಒಂದೊಂದೇ ತೋಟಾ ಹಾಕಿ ಮೊದಲ ಹತ್ತು ಈಡು ಹೊಡೆಯಿರಿ. ಸ್ಪರ್ಧೆಯ ಮೈದಾನದಲ್ಲಿ ಮೊದಲ ಈಡು ಬೇಡ.

ಜೋಡಿ ನಳಿಗೆ

ಅದನ್ನು ಮುಟ್ಟಬೇಡಿ. ಜೋಡಿ ನಳಿಗೆಯಲ್ಲಿ ತೂಕದ ಸ್ಕ್ರೂ ಸಾಮಾನ್ಯವಾಗಿ ಇರುವುದೇ ಇಲ್ಲ. ಹೊರಗೆ ಕಾಣುವ ಸ್ಕ್ರೂಗಳೆಲ್ಲ ಲಾಕನ್ನು, ಅಂದರೆ ಹ್ಯಾಮರ್, ಸಿಯರ್ ಇರುವ ಜೋಡಣೆಯನ್ನು, ಕಟ್ಟಿ ಹಿಡಿದಿರುವವು. ತೂಕ ಇಳಿಸುವುದೆಂದರೆ ಹ್ಯಾಮರಿನ ಕಚ್ಚನ್ನೂ ಸಿಯರಿನ ಮೂಗನ್ನೂ ಕಲ್ಲಿನಲ್ಲಿ ಸಾಣೆ ಹಿಡಿದು ಕೋನ ಬದಲಿಸುವುದು. ಆ ಉಕ್ಕು ಮೇಲ್ಮೈಯಲ್ಲಷ್ಟೇ ಗಟ್ಟಿ, ಕೂದಲೆಳೆಯಷ್ಟು ಪದರ. ಅರ ಹಾಕಿ ಆ ಪದರ ದಾಟಿದರೆ ಒಳಗಿರುವುದು ಮೆದು ಉಕ್ಕು. ಅಂದು ಬೆಣ್ಣೆಯಂತೆ ಬರುವ ಟ್ರಿಗರ್ ಐವತ್ತು ನೂರು ಈಡಿನಲ್ಲಿ ಅಂಚು ಮಡಚಿ, ಮುಟ್ಟದೆಯೇ ಜಾರುವ ಹಂತಕ್ಕೆ ಬರುತ್ತದೆ.

ಎರಡು ಸಿಯರ್ ಅಕ್ಕಪಕ್ಕ ಇರುವುದರಿಂದ ಇನ್ನೊಂದು ಅಪಾಯವೂ ಇದೆ. ಮೊದಲ ನಳಿಗೆಯ ಹಿಂದೊದೆತಕ್ಕೆ ಎರಡನೆಯದರ ಹಿಡಿತ ಕಳಚಿ ಎರಡೂ ಒಟ್ಟಿಗೆ ಹಾರುತ್ತವೆ. ಈ ಕಾರಣಕ್ಕೇ ಹಿಂದಿನ ಟ್ರಿಗರನ್ನು ಮುಂದಿನದಕ್ಕಿಂತ ತುಸು ಗಟ್ಟಿ ಇಡುವುದು ರೂಢಿ, ಮುಂದಿನದು 1.6ರಿಂದ 1.8 ಕಿಲೋ, ಹಿಂದಿನದು ಸುಮಾರು 2 ಕಿಲೋ ಅಥವಾ ಸ್ವಲ್ಪ ಮೇಲೆ. ಎರಡೂ ಒಂದೇ ಇರಲಿ ಎಂದು ಯಾರನ್ನೂ ಕೇಳಬೇಡಿ. ಸೇಫ್ಟಿ ಇದೆಯಲ್ಲ ಎನ್ನುವ ಧೈರ್ಯವೂ ಇಲ್ಲಿ ಪೊಳ್ಳು. ಹ್ಯಾಮರ್ ಒಳಗೇ ಇರುವ ಸಾಮಾನ್ಯ ಬಾಕ್ಸ್‌ಲಾಕ್ ಕೋವಿಗಳ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಸಿಯರ್ ತಾನಾಗಿ ಜಾರಿದರೆ ಸೇಫ್ಟಿ ಹಾಕಿದ್ದರೂ ಗುಂಡು ಹಾರುತ್ತದೆ. ಹೊರಗೆ ಹ್ಯಾಮರ್ ಇರುವ ಹಳೆಯ ಕೋವಿಯಾದರೆ ಅರ್ಧ ಕಾಕ್‌ನಲ್ಲಿ ನಿಲ್ಲಿಸಿ ಟ್ರಿಗರ್ ಎಳೆದು ನೋಡಿ. ಹ್ಯಾಮರ್ ಕದಲಿದರೆ ಅಂದಿನಿಂದ ಅದು ಗೋಡೆಯ ಕೋವಿ, ಗನ್‌ಸ್ಮಿತ್ ನೋಡುವವರೆಗೆ.

ಈಶಾಪುರ ಬಂದೂಕು ಕಾರ್ಖಾನೆಯ .315 ರೈಫಲ್ ಇರುವವರೂ ಇದೇ ಪ್ರಶ್ನೆ ಕೇಳುತ್ತಾರೆ, ಆದ್ದರಿಂದ ಎರಡು ಸಾಲು. ಅದರ ಟ್ರಿಗರ್ ಹಳೆಯ ಬ್ರಿಟಿಷ್ ಸೇನಾ ರೈಫಲ್ ಲೀ-ಎನ್‌ಫೀಲ್ಡ್ ವಂಶದ್ದು, ಎರಡು ಹಂತದ ಎಳೆತ. ಮೊದಲ ಹಂತದ ಉದ್ದನೆಯ ಸಡಿಲ ಓಟ ದೋಷವಲ್ಲ, ಅದು ಹಾಗೇ ಇರಬೇಕು. ಆ ಓಟ ತೆಗೆಯಲು ಟ್ರಿಗರ್‌ನ ಉಬ್ಬು ಅರ ಹಾಕಿದ ರೈಫಲ್‌ಗಳೇ ಗನ್‌ಸ್ಮಿತ್‌ಗೆ ತಲೆನೋವು.

ಗನ್‌ಸ್ಮಿತ್ ಬಳಿ ಹೋಗುವಾಗ

ಬೋಲ್ಟ್ ಮುಚ್ಚುವಾಗ ಬೀಳುವುದು, ಸೇಫ್ಟಿ ತೆಗೆದಾಗ ಬೀಳುವುದು, ಎರಡು ನಳಿಗೆ ಒಟ್ಟಿಗೆ ಹಾರುವುದು ಒಂದೇ ಒಂದು ಸಲ ಆಗಿದ್ದರೂ ಮತ್ತೆ ತೋಟಾ ಹಾಕದೆ ಹೋಗಬೇಕು. ‘ಆಮೇಲೆ ಸರಿಯಾಯಿತು’ ಎನ್ನುವುದು ಲೆಕ್ಕಕ್ಕಿಲ್ಲ. ಸಿಯರ್ ಮೇಲೆ ತುಕ್ಕಿನ ಗುಳಿ ಕಂಡರೂ ಅಷ್ಟೇ, ಹಿಂದೆ ಯಾರೋ ಅರ ಹಾಕಿದ ಗೀರು ಕಂಡರೂ ಅಷ್ಟೇ. ಸ್ಕ್ರೂ ಇಲ್ಲದ ಟ್ರಿಗರ್ ಹಗುರಾಗಬೇಕೆಂದಿದ್ದರೂ ಅವರೇ ಗತಿ.

ಊರಿನ ಲೇತ್ ಅಂಗಡಿ, ಕಮ್ಮಾರ ಎಷ್ಟೇ ಕೈಚಳಕದವರಾದರೂ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ದುರಸ್ತಿಗೂ ಪರವಾನಗಿ ಬೇಕು. 2029ರ ಅಕ್ಟೋಬರ್‌ವರೆಗೆ ಮುಂದುವರಿದಿರುವ ಕೊಡವರ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಇನ್ನೊಬ್ಬರ ಕೋವಿ ದುರಸ್ತಿ ಮಾಡಿಕೊಡುವುದಕ್ಕಲ್ಲ. ದುರಸ್ತಿ ಪರವಾನಗಿ ಇರುವ ಅಂಗಡಿಗೆ ವಿನಾಯಿತಿ ಪ್ರಮಾಣಪತ್ರ ಅಥವಾ ಲೈಸೆನ್ಸ್ ಜೊತೆಗೆ ಕೋವಿಯನ್ನು ಖಾಲಿ ಮಾಡಿ, ಚೀಲದಲ್ಲಿ ಹಾಕಿ ಒಯ್ಯಿರಿ. ತೋಟಾ ಮನೆಯಲ್ಲಿರಲಿ. ಕೋವಿಯ ನಂಬರ್ ಬರೆದ ರಸೀದಿ ಪಡೆಯದೆ ಬಿಟ್ಟು ಬರಬೇಡಿ.

‘ಹಗುರ ಮಾಡಿ’ ಎಂದಷ್ಟೇ ಹೇಳಿದರೆ ಗನ್‌ಸ್ಮಿತ್ ಏನೆಂದು ತಿಳಿಯಬೇಕು? ನಿಮ್ಮ ಐದು ಅಂಕಿ ಬರೆದ ಚೀಟಿ ಕೊಡಿ. ಒಂದೂವರೆ ಕಿಲೋ ಬೇಕು, ಕ್ರೀಪ್ ಕಡಿಮೆಯಾಗಬೇಕು, ಯಾವಾಗಿನಿಂದ ಗಟ್ಟಿ, ಏನು ತೊಳೆದಿರಿ, ಯಾವ ಸ್ಕ್ರೂ ಎಷ್ಟು ತಿರುಗಿಸಿದಿರಿ ಎಲ್ಲ ಹೇಳಿ. ಮುಟ್ಟಿದ್ದನ್ನು ಮುಚ್ಚಿಡಬೇಡಿ. ಸವೆದ ಸಿಯರ್ ಸಿಕ್ಕರೆ ಅದನ್ನೇ ಇನ್ನಷ್ಟು ಉಜ್ಜುವ ಬದಲು ಹೊಸದು ಹಾಕಲು ಕೇಳಿ. ವಾಪಸ್ ತರುವ ದಿನ ಅಲ್ಲೇ ನಿಮ್ಮೆದುರು ತೂಕ ಅಳೆಸಿ, ಬೋಲ್ಟ್ ಬಡಿದು ತೋರಿಸಲು ಹೇಳಿ. ಒಳ್ಳೆಯ ಗನ್‌ಸ್ಮಿತ್ ಇದಕ್ಕೆ ಬೇಸರಿಸುವುದಿಲ್ಲ. ನೋಡುವ ಮೊದಲೇ ‘ಅರ್ಧ ಗಂಟೆ ಕೂತಿರಿ, ಬೆಣ್ಣೆ ಮಾಡಿ ಕೊಡ್ತೀನಿ’ ಎನ್ನುವವರಿಂದ ಕೋವಿ ವಾಪಸ್ ತೆಗೆದುಕೊಂಡು ಬನ್ನಿ.

ಇನ್ನು ಮಗನ ಏರ್ ಪಿಸ್ತೂಲ್. ಅಲ್ಲಿ ಲೆಕ್ಕ ತಿರುಗುಮುರುಗು: ಸ್ಕ್ರೂಗಳನ್ನು ಶೂಟರ್ ತಿರುಗಿಸಲೆಂದೇ ಇಟ್ಟಿರುತ್ತಾರೆ, ಮಿತಿ ಹಾಕುವುದು ನಿಯಮ ಪುಸ್ತಕ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್ ನಿಯಮದಂತೆ 10 ಮೀಟರ್ ಏರ್ ಪಿಸ್ತೂಲ್‌ನ ಟ್ರಿಗರ್ ಕನಿಷ್ಠ 500 ಗ್ರಾಂ ಇರಬೇಕು. ಏರ್ ರೈಫಲ್‌ಗೆ ಇಂಥ ಕನಿಷ್ಠ ತೂಕವಿಲ್ಲ. ಆ 500 ಗ್ರಾಂ ಎರಡೂ ಹಂತ ಸೇರಿದ ಒಟ್ಟು ತೂಕ. ಮೊದಲ ಹಂತಕ್ಕೆ 350ರಿಂದ 400, ಎರಡನೆಯದಕ್ಕೆ ಉಳಿದದ್ದು ಎಂದು ಹಂಚಿಕೊಳ್ಳುವುದು ಸಾಮಾನ್ಯ. ಎರಡನೇ ಹಂತ ತೀರಾ ಸಣ್ಣದಾದರೆ ಹಂತ ಎಲ್ಲಿ ಬಂತೆಂದು ಬೆರಳಿಗೆ ತಿಳಿಯದೆ ಪೆಲೆಟ್ ಮುಂಚೆಯೇ ಹೋಗುತ್ತದೆ.

ಸರಿಯಾಗಿ 500ಕ್ಕೆ ಇಡುವುದು ಹೊಸಬರ ತಪ್ಪು. ಪರೀಕ್ಷೆಯಲ್ಲಿ ನಳಿಗೆಯನ್ನು ನೆಟ್ಟಗೆ ಹಿಡಿದು 500 ಗ್ರಾಮಿನ ಬಟ್ಟನ್ನು ಟ್ರಿಗರಿನ ನಡುವಿಗೆ ಸಿಕ್ಕಿಸಿ ಮೇಜಿನಿಂದ ಎತ್ತುತ್ತಾರೆ. ಎತ್ತಲು ಸಿಗುವುದು ಹೆಚ್ಚೆಂದರೆ ಮೂರು ಅವಕಾಶ. ಪಂದ್ಯದ ನಂತರದ ತಪಾಸಣೆಯಲ್ಲಿ ಮೂರರಲ್ಲೂ ಬಟ್ಟು ಏಳದಿದ್ದರೆ ಹೊಡೆದ ಅಂಕವೆಲ್ಲ ಹೋಯಿತು. 515ರಿಂದ 520 ಗ್ರಾಂಗೆ ಇಟ್ಟುಕೊಳ್ಳಲಿ, ಪ್ರಯಾಣ ಮಾಡಿ ಬಂದ ಮೇಲೆ ಮತ್ತೊಮ್ಮೆ ಅಳೆಯಲಿ. ಅಳೆಯುವಾಗ ಗಾಳಿ ತುಂಬಿದ ಸಿಲಿಂಡರ್ ಕೂರಿಸಿ, ನಿಜವಾಗಿ ಹಾರಿಸುವ ಸ್ಥಿತಿಯಲ್ಲೇ ಕಾಕ್ ಮಾಡಿ ಅಳೆಯಬೇಕು. ಡ್ರೈ ಫೈರ್ (ಪೆಲೆಟ್ ಹಾರಿಸದೆ ಟ್ರಿಗರ್ ಎಳೆಯುವ ಅಭ್ಯಾಸದ) ಸ್ಥಾನದಲ್ಲಿ ಬಂದ ಅಂಕಿ ತಪಾಸಣೆಯ ಮೇಜಿನ ಮೇಲೆ ಕೆಲಸಕ್ಕೆ ಬಾರದು.